ಮಾತು ಕೇಳಲ್ಲ, ಹಾಡು ಮಾತ್ರ ಕಿವಿಗೆ ಬಡಿಯುತ್ತೆ: ಹೋಮ್ ಥಿಯೇಟರ್ ದೋಷ ಹುಡುಕುವ ಬಗೆ

“ಹಾಡು ಬಂದ್ರೆ ಹೆಂಚು ಹಾರಿಹೋಗೋ ಹಾಗೆ ಕೂಗುತ್ತೆ. ಮಾತು ಬಂದ್ರೆ ಒಬ್ರದ್ದೂ ಕೇಳಲ್ಲ. ಏನಾಗಿದೆ ನೋಡೋ ಮಾರಾಯ.”

ಆಲ್ದೂರಿನ ಹತ್ತಿರ ಅಕ್ಕನ ಮನೆ. ಮಳೆಗಾಲದ ಒಂದು ಭಾನುವಾರ ಚಿಕ್ಕಮಗಳೂರಿನಿಂದ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಅಕ್ಕನ ಅತ್ತೆ ಹೇಳಿದ ಮಾತು ಇದು. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುವುದು. ಸಂಜೆ ಏಳರಿಂದ ಒಂಬತ್ತರವರೆಗೆ ಅವರಿಗೆ ಧಾರಾವಾಹಿ ಬೇಕು. ಮಾತು ಕೇಳದಿದ್ದರೆ ಬರೀ ಸೀರೆ ನೋಡಿಕೊಂಡು ಕೂರಬೇಕಾಗುತ್ತದೆ ಅಂತ ಅವರ ದೂರು.

ಮನೆಯಲ್ಲಿ ಅಷ್ಟರಲ್ಲಿ ಒಬ್ಬೊಬ್ಬರೂ ಒಂದೊಂದು ತೀರ್ಪು ಕೊಟ್ಟಾಗಿತ್ತು. ಭಾವನ ಪ್ರಕಾರ ಆಂಪ್ (ಸದ್ದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ) ಹೋಗಿದೆ, ಹೊಸ ಸೌಂಡ್‌ಬಾರ್ ತಂದುಬಿಡೋಣ. ಅವರ ಮಗನ ಪ್ರಕಾರ ಟಿವಿಯಿಂದ ಆಂಪಿಗೆ ಹೋಗುವ ಎಚ್‌ಡಿಎಂಐ ಕೇಬಲ್ ಲೋಕಲ್ ಮಾಲು. ಅಕ್ಕನ ಪ್ರಕಾರ ಅತ್ತೆಗೆ ಕಿವಿ ಮಂದವಾಗಿದೆ. ಇದನ್ನು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಮೂರೂ ತಪ್ಪು. ಕೊನೆಗೆ ಖರ್ಚಾಗಿದ್ದು ರಿಮೋಟಿನ ಒಂದು ಸೆಲ್ಲು, ಅರ್ಧ ಅಡಿ ವೈರು, ಎರಡು ಗಂಟೆ ಹೊತ್ತು.

ನಾನು ಮೆಕ್ಯಾನಿಕ್ ಅಲ್ಲ. ನೆಂಟರ ಮನೆಗೆ ಹೋದಾಗ ಟಿವಿ ಹಿಂದೆ ತಲೆ ತೂರಿಸುವ ಚಟ ಇರುವವನು, ಅಷ್ಟೇ. ಹೀಗೆ ತೂರಿಸಿ ತೂರಿಸಿ ಗೊತ್ತಾಗಿದ್ದು ಇಷ್ಟು: ಸೆಟ್ಟು ಕೆಟ್ಟಿರುವುದು ಕಡಿಮೆ. ಸದ್ದು ಬರುವ ದಾರಿ ಎಲ್ಲೋ ಕಟ್ಟಿಕೊಂಡಿರುವುದೇ ಜಾಸ್ತಿ.

ಪೈಪು ಹಿಡಿದು ನಡೆಯಿರಿ

ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ಟಿಗೆ ನೀರು ಬರದಿದ್ದರೆ ಏನು ಮಾಡುತ್ತೇವೆ? ನೇರ ಮೋಟಾರ್ ಬಿಚ್ಚುವುದಿಲ್ಲ. ಪೈಪು ಹಿಡಿದು ನಡೆಯುತ್ತೇವೆ. ನೀರು ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ ಅಂತ ನೋಡುತ್ತೇವೆ. ಸದ್ದಿಗೂ ಅದೇ. ಸೆಟ್ ಟಾಪ್ ಬಾಕ್ಸಿನಿಂದ ಟಿವಿಗೆ, ಟಿವಿಯಿಂದ ಕೇಬಲ್ ಹಿಡಿದು ಆಂಪಿಗೆ, ಆಂಪಿನಿಂದ ವೈರ್ ಹಿಡಿದು ಸ್ಪೀಕರಿಗೆ. ಈ ದಾರಿಯನ್ನು ಮಧ್ಯದಲ್ಲಿ ಕತ್ತರಿಸಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಕತ್ತರಿಸುವುದು ಸುಲಭ. ಟಿವಿಯನ್ನು ಬಿಟ್ಟುಬಿಡಿ. ಮೊಬೈಲಿನಿಂದ ಬ್ಲೂಟೂತ್‌ನಲ್ಲೋ ಆಕ್ಸ್ ವೈರಿನಲ್ಲೋ ನೇರ ಆಂಪಿಗೆ ಸದ್ದು ಕೊಡಿ. ಅದು ಚೆನ್ನಾಗಿ ಕೇಳಿದರೆ ಆಂಪ್, ವೈರ್, ಸ್ಪೀಕರ್ ಮೂರೂ ಸರಿ ಇವೆ. ತಪ್ಪು ಟಿವಿ ಕಡೆಗಿದೆ. ಮೊಬೈಲಿನ ಸದ್ದೂ ಕೆಟ್ಟದಾಗಿ ಬಂದರೆ ಟಿವಿಯ ತಂಟೆಗೇ ಹೋಗಬೇಡಿ.

ಒಂದು ಎಚ್ಚರಿಕೆ. ಪರೀಕ್ಷೆಗೆ ಹಾಡು ಹಾಕಿದರೆ ಮೋಸ ಹೋಗುತ್ತೀರಿ. ಡಬ್ ಡಬ್ ಅಂತ ಬಾರಿಸಿದ ಕೂಡಲೇ ಎಲ್ಲ ಸರಿ ಇದೆ ಅನ್ನಿಸುತ್ತದೆ. ವಾರ್ತೆ ಹಾಕಿ. ಒಬ್ಬರೇ ಕೂತು ಮಾತಾಡುವ ಯಾವುದಾದರೂ ವಿಡಿಯೊ ಹಾಕಿ. ಮನುಷ್ಯರ ದನಿ ಹೇಗಿರಬೇಕು ಅಂತ ನಮ್ಮ ಕಿವಿಗೆ ಹುಟ್ಟಿನಿಂದ ಗೊತ್ತು. ಅದರಲ್ಲಿ ಸಣ್ಣ ವ್ಯತ್ಯಾಸ ಆದರೂ ಸಿಕ್ಕಿಬೀಳುತ್ತದೆ.

ಅಕ್ಕನ ಮನೆಯಲ್ಲಿ ಮೊಬೈಲಿನ ವಾರ್ತೆ ಹಾಕಿದೆ. ಓದುವವರ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು. ಕೇಬಲ್ಲಿನ ಮೇಲಿದ್ದ ಆಪಾದನೆ ಅಲ್ಲಿಗೆ ಬಿದ್ದುಹೋಯಿತು.

ಮಾತು ಎಲ್ಲಿ ಹೋಯಿತು

5.1 ಅಂದರೆ ಐದು ಸ್ಪೀಕರ್, ಬೇಸ್ ಸದ್ದಿಗೆ ಅಂತಲೇ ಒಂದು ಸಬ್ ವೂಫರ್. ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎರಡು. ಸಿನಿಮಾದ 5.1 ಸದ್ದಿನಲ್ಲಿ ಮಾತು ಹೆಚ್ಚಾಗಿ ಸೆಂಟರ್ ಸ್ಪೀಕರಿನಲ್ಲೇ ಬರುತ್ತದೆ. ಸಂಗೀತ, ಮಳೆ, ಗಾಡಿ ಸದ್ದು ಸುತ್ತ ಹಂಚಿಕೊಂಡಿರುತ್ತವೆ. ಸೆಂಟರ್ ಸತ್ತರೆ ಮಾತು ಸತ್ತಿತು.

ಧಾರಾವಾಹಿ ಬರುವುದು ಬರೀ ಸ್ಟೀರಿಯೊದಲ್ಲಿ, ಅಂದರೆ ಎಡ ಬಲ ಎರಡೇ ದಾರಿಯಲ್ಲಿ, ಅಲ್ಲಿ ಸೆಂಟರಿಗೆ ಏನು ಕೆಲಸ ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಅವರ ರಿಸೀವರಿನ, ಅಂದರೆ ಅದೇ ಆಂಪಿನ, ಮುಂದೆ ‘ಪ್ರೊ ಲಾಜಿಕ್’ ಅಂತ ಉರಿಯುತ್ತಿತ್ತು. ಇದು ಎರಡು ದಾರಿಯ ಸದ್ದನ್ನು ಐದಕ್ಕೆ ಹಂಚುವ ಲೆಕ್ಕ. ಎಡಕ್ಕೂ ಬಲಕ್ಕೂ ಒಂದೇ ಸಮ ಇರುವ ಸದ್ದನ್ನು ಎತ್ತಿ ಸೆಂಟರಿಗೆ ಕಳಿಸುತ್ತದೆ. ಎರಡು ಕಡೆಯೂ ಒಂದೇ ಸಮ ಇರುವುದು ಯಾವುದು? ಮಾತು. ಹಾಡಿನಲ್ಲಿ ಹಾಡುವವರ ದನಿ. ಹಾಗಾಗಿ ಸೆಂಟರ್ ಕೆಲಸ ಮಾಡದಿದ್ದರೆ ತಬಲ, ಕೊಳಲು ಮುಂದೆ ನಿಲ್ಲುತ್ತವೆ, ಗಾಯಕರು ಪಕ್ಕದ ಮನೆಗೆ ಹೋಗಿರುತ್ತಾರೆ. ಅಮ್ಮ ಹೇಳಿದ ದೂರು ಅಕ್ಷರಶಃ ಇದೇ.

ರಿಮೋಟಿನಲ್ಲಿ ‘ಸ್ಟೀರಿಯೊ’ ಒತ್ತಿದೆ. ವಾರ್ತೆ ಓದುವವರು ಬಾವಿಯಿಂದ ಎದ್ದು ಹಾಲಿಗೆ ಬಂದರು. ಒಳಗಿನಿಂದ ಅಮ್ಮ ಕೂಗಿದರು: “ಹಾಂ, ಈಗ ಬಂತು!”

ಅವರ ಕಿವಿಗೆ ಏನೂ ಆಗಿಲ್ಲ ಅಂತ ಅಕ್ಕನಿಗೆ ಕಣ್ಣಲ್ಲೇ ಹೇಳಿದೆ.

ಇದು ನೀವೂ ಮಾಡಬಹುದಾದ ಮೊದಲ ಪರೀಕ್ಷೆ. ಸ್ಟೀರಿಯೊಗೆ ಹಾಕಿದ ತಕ್ಷಣ ಮಾತು ಬಂದರೆ ಸೆಂಟರನ್ನು ಹಿಡಿಯಿರಿ. ಆಮೇಲೆ ಸೆಟ್ಟಿಂಗಿನಲ್ಲಿ ‘ಟೆಸ್ಟ್ ಟೋನ್’ ಇರುತ್ತದೆ, ಹಾಕಿ. ಒಂದೊಂದೇ ಸ್ಪೀಕರಿನಲ್ಲಿ ಶ್‌ಶ್ ಅಂತ ಸರದಿಯಲ್ಲಿ ಸದ್ದು ಬರುತ್ತದೆ. ನಮ್ಮಲ್ಲಿ ಎಡದಲ್ಲಿ ಬಂತು. ನಡುವೆ ಮೌನ. ಬಲದಲ್ಲಿ ಬಂತು. ಹಿಂದಿನ ಬಲದಲ್ಲಿ ಬಂತು. ಹಿಂದಿನ ಎಡದಲ್ಲೂ ಮೌನ. ಒಂದು ಹುಡುಕಲು ಹೋದರೆ ಎರಡು ಸಿಕ್ಕಿದವು.

ಸೆಂಟರ್ ಸ್ಪೀಕರ್ ಬದುಕಿದ್ದೂ ಮಾತು ಸಣ್ಣಗಿದ್ದರೆ ಚಿಕಿತ್ಸೆ ಬೇರೆ. ಸ್ಪೀಕರ್ ಲೆವೆಲ್‌ನಲ್ಲಿ ಸೆಂಟರನ್ನು 2 ಅಥವಾ 3 ಡೆಸಿಬೆಲ್ ಏರಿಸಿ. ‘ನೈಟ್ ಮೋಡ್’ ಅಥವಾ ‘ಡಿಆರ್‌ಸಿ’ ಅಂತ ಇದ್ದರೆ ಆನ್ ಮಾಡಿ. ಅದು ಜೋರಿನ ಸದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಸಿನಿಮಾ ನೋಡುವವರಿಗೆ ಇದು ವರ. ಇನ್ನೊಂದು, ಸೆಂಟರ್ ಸ್ಪೀಕರನ್ನು ಶೋಕೇಸಿನ ಒಳಗೆ ತಳ್ಳಿ ಮುಂದೆ ಗಣಪತಿ ವಿಗ್ರಹ ಇಟ್ಟಿರುತ್ತಾರೆ. ಗಣಪತಿಯನ್ನು ಸ್ವಲ್ಪ ಪಕ್ಕಕ್ಕೆ ಕೂರಿಸಿ. ಸ್ಪೀಕರನ್ನು ಅಂಚಿಗೆ ಎಳೆದು, ಕೂತವರ ಮುಖದ ಕಡೆಗೆ ತಿರುಗಿಸಿ.

ಒಂದು ಸೆಲ್ಲಿನ ಪರೀಕ್ಷೆ

ಸೆಂಟರ್ ಮೌನ ಅಂತ ಗೊತ್ತಾಯಿತು. ಹೋಗಿದ್ದು ಆಂಪಿನ ಒಳಗೋ, ವೈರೋ, ಸ್ಪೀಕರೋ? ಇಲ್ಲಿ ಭಾವನ ಸೌಂಡ್‌ಬಾರಿನ ಕನಸು ಮತ್ತೆ ಚಿಗುರಿತು.

ಮೊದಲು ಎಲ್ಲದರ ಸ್ವಿಚ್ ಆರಿಸಿ ಪಿನ್ ಕೀಳಿ. ಆಂಪ್ ಆನ್ ಇರುವಾಗ ಸ್ಪೀಕರ್ ವೈರ್ ಮುಟ್ಟಬೇಡಿ. ತಾಮ್ರದ ಒಂದು ಎಳೆ ಕೆಂಪು ಕಪ್ಪು ಎರಡಕ್ಕೂ ತಾಗಿದರೂ ಸಾಕು, ಆಂಪ್ ‘ಪ್ರೊಟೆಕ್ಟ್’ ಅಂತ ಹೇಳಿ ಮಲಗುತ್ತದೆ. ಅದೃಷ್ಟ ಕೆಟ್ಟಿದ್ದರೆ ಏಳುವುದೇ ಇಲ್ಲ. ಆಂಪಿನ ಮುಚ್ಚಳವನ್ನಂತೂ ತೆಗೆಯಲೇಬೇಡಿ. ಪಿನ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಈಗ ಟಿವಿ ರಿಮೋಟಿನಿಂದ 1.5 ವೋಲ್ಟಿನ ಸೆಲ್ಲು ತೆಗೆಯಿರಿ. ಸೆಂಟರಿನ ವೈರನ್ನು ಆಂಪಿನ ಹಿಂದಿನಿಂದ ಬಿಡಿಸಿ. ಅದರ ಎರಡು ತುದಿಗಳನ್ನು ಸೆಲ್ಲಿನ ಎರಡು ಕಡೆಗೆ ಕ್ಷಣ ಮಾತ್ರ ತಾಗಿಸಿ. ಸ್ಪೀಕರಿನಲ್ಲಿ ಟಕ್ ಅಂತ ಸದ್ದು ಬರಬೇಕು. ಬಂದರೆ ವೈರು, ಸ್ಪೀಕರು ಎರಡೂ ಸರಿ. ತಪ್ಪು ಆಂಪಿನದು. ಬರದಿದ್ದರೆ ಸ್ಪೀಕರಿನ ಹತ್ತಿರ ಹೋಗಿ ಅದರ ಟರ್ಮಿನಲ್ಲಿಗೇ ಎರಡು ತುಂಡು ವೈರ್ ಹಿಡಿದು ಸೆಲ್ ತಾಗಿಸಿ. ಆಗ ಟಕ್ ಅಂದರೆ ಸ್ಪೀಕರ್ ಬದುಕಿದೆ, ಹೋಗಿದ್ದು ವೈರ್.

ಆಂಪಿನ ತುದಿಯಲ್ಲಿ ತಾಗಿಸಿದಾಗ ನಮಗೆ ಏನೂ ಕೇಳಲಿಲ್ಲ. ಸ್ಪೀಕರಿನ ಬೆನ್ನಿಗೇ ತಾಗಿಸಿದೆ. ಟಕ್. ಭಾವನ ಮುಖ ಸ್ವಲ್ಪ ಬಾಡಿತು.

ವೈರ್ ಹಿಡಿದು ಹೋದೆ. ಶೋಕೇಸಿನ ಹಿಂದೆ, ಕಿಟಕಿಯ ಕೆಳಗೆ ಒಂದು ಜಾಯಿಂಟ್ ಇತ್ತು. ಆ ಗೋಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ಹೊಡೆಯುತ್ತದೆ. ಸುಣ್ಣ ಉಬ್ಬಿ ಹಪ್ಪಳದ ಹಾಗೆ ಎದ್ದಿತ್ತು. ಜಾಯಿಂಟಿನ ಟೇಪು ಅಂಟು ಬಿಟ್ಟು ಕೈಗೆ ಜಿಗುಟು ಹತ್ತಿತು. ಬಿಚ್ಚಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಪುಡಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹೋದ ಮೇಲೆ ಹಿಡಿಯುತ್ತದಲ್ಲ, ಅದೇ ಕಿಲುಬು. ಎರಡು ಎಳೆ ಮಾತ್ರ ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಇದ್ದವು. ಬೇಸಿಗೆಯಲ್ಲಿ ಸರಿ ಇತ್ತು, ಮಳೆ ಹಿಡಿದ ಮೇಲೆ ಹೀಗಾಯಿತು ಅಂತ ಅಮ್ಮ ಮೊದಲೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಾನೂ ಸೇರಿ.

ಕಿಲುಬು ಹಿಡಿದ ತಾಮ್ರವನ್ನು ಕೆರೆದು ಮತ್ತೆ ಹೊಸೆಯಬೇಡಿ. ಎಳೆಗಳ ನಡುವೆ ಒಳಗೂ ಹೋಗಿರುತ್ತದೆ. ಮಿಣಮಿಣ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ನನಗೆ ಎರಡೂ ಕಡೆ ಮೂರು ಮೂರು ಇಂಚು ಹೋಯಿತು. ಮಧ್ಯಕ್ಕೆ ಅರ್ಧ ಅಡಿ ಹೊಸ ವೈರ್ ಸೇರಿಸಿ, ಬಿಗಿಯಾಗಿ ಹೊಸೆದು, ಹೊಸ ಟೇಪು ಸುತ್ತಿ, ಜಾಯಿಂಟನ್ನು ಗೋಡೆಯಿಂದ ದೂರ ಎತ್ತಿ ಕಟ್ಟಿದೆ. ಇಡೀ ವೈರನ್ನೇ ಬದಲಿಸುವುದಾದರೆ ಸ್ಪೀಕರ್ ವೈರ್ ಅಂತ ದುಬಾರಿಯದ್ದನ್ನೇ ತರಬೇಕಿಲ್ಲ. ಮನೆ ವೈರಿಂಗಿಗೆ ಹಾಕುವ 1.5 ಚದರ ಮಿಲಿಮೀಟರಿನ ಬಹು ಎಳೆಯ ತಾಮ್ರದ ವೈರು ಸಾಮಾನ್ಯ ಹಾಲಿಗೆ ಧಾರಾಳ ಸಾಕು.

ಸೆಲ್ಲನ್ನು ರಿಮೋಟಿಗೆ ಹಾಕುವ ಮೊದಲು ಇನ್ನೊಂದು ಕೆಲಸಕ್ಕೆ ಬಳಸಿಕೊಳ್ಳಿ. ಸ್ಪೀಕರಿನ ಮುಂದಿನ ಬಟ್ಟೆ ಜಾಲರಿ ತೆಗೆದು, ಆಂಪಿನ ತುದಿಯಲ್ಲಿ ಕೆಂಪಿಗೆ ಹೋಗುವ ಎಳೆಯನ್ನು ಸೆಲ್ಲಿನ ಪ್ಲಸ್ಸಿಗೆ ತಾಗಿಸಿ. ದೊಡ್ಡ ಕೋನ್ ಸ್ವಲ್ಪ ಮುಂದಕ್ಕೆ ಬರಬೇಕು. ಒಳಕ್ಕೆ ಹೋದರೆ ಎಲ್ಲೋ ಕೆಂಪು ಕಪ್ಪು ಅದಲು ಬದಲಾಗಿದೆ. ಎಡ ಬಲದಲ್ಲಿ ಒಂದು ಮಾತ್ರ ಹೀಗೆ ಉಲ್ಟಾ ಇದ್ದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಬೇಸ್ ಸತ್ತುಹೋಗುತ್ತದೆ. ಮಾತು ಟಿವಿಯ ಕಡೆಯಿಂದ ಬರದೆ ತಲೆಯ ಸುತ್ತ ಎಲ್ಲೋ ತೇಲುತ್ತದೆ. ಅಕ್ಕನ ಮನೆಯ ಬಲ ಸ್ಪೀಕರ್ ಹಾಗೇ ಇತ್ತು. ಬಹುಶಃ ಹಾಕಿದ ದಿನದಿಂದಲೂ. ಅದು ಸರಿಯಾದ ಮೇಲೆ ಭಾವ ಮೊದಲ ಬಾರಿಗೆ ಮೊಬೈಲ್ ಕೆಳಗಿಟ್ಟು ಕೇಳಿದರು.

ಟಿವಿಯಿಂದ ಆಂಪಿಗೆ ಯಾವ ದಾರಿ

ಮೊಬೈಲ್ ಸದ್ದು ಚೆನ್ನಾಗಿದ್ದು ಟಿವಿ ಸದ್ದು ಮಾತ್ರ ಕೆಟ್ಟಿದ್ದರೆ ಇಲ್ಲಿಂದ ಓದಿ.

ಎಚ್‌ಡಿಎಂಐ ದಾರಿ ಇದ್ದರೆ ಅದೇ ಒಳ್ಳೆಯದು. ಆದರೆ ಟಿವಿಯಲ್ಲಿ ಮೂರು ನಾಲ್ಕು ಎಚ್‌ಡಿಎಂಐ ಇದ್ದರೂ ಸದ್ದನ್ನು ಹೊರಗೆ ಕಳಿಸುವುದು ಸಾಮಾನ್ಯವಾಗಿ ಒಂದೇ. ಅದರ ಪಕ್ಕ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಅಂತ ಬರೆದಿರುತ್ತದೆ. ಆಂಪಿನಲ್ಲೂ ಅದೇ ಹೆಸರಿರುವ ಕುಳಿಗೇ ಹಾಕಬೇಕು. ಎಆರ್‌ಸಿ ಬಂದಿದ್ದು 2009ರ ಎಚ್‌ಡಿಎಂಐ 1.4ರಲ್ಲಿ. ಅದಕ್ಕಿಂತ ಹಳೆಯ ಆಂಪಿನಲ್ಲಿ ಹುಡುಕಿದರೂ ಸಿಗಲ್ಲ. ಇಎಆರ್‌ಸಿ 2017ರ 2.1ರದ್ದು. ಬ್ಲೂ ರೇ ಡಿಸ್ಕಿನ ಭಾರೀ ಸದ್ದೂ ಅದರಲ್ಲಿ ಹೋಗುತ್ತದೆ. ಧಾರಾವಾಹಿಗೂ ಒಟಿಟಿಗೂ ಹಳೆಯ ಎಆರ್‌ಸಿ ಸಾಕು. ಅದಕ್ಕೋಸ್ಕರ ಟಿವಿ ಬದಲಿಸಲು ಹೋಗಬೇಡಿ.

ಸರಿಯಾದ ಕುಳಿಗೇ ಹಾಕಿದ್ದೀರಿ, ಆದರೂ ಸದ್ದಿಲ್ಲ. ಆಗ ಟಿವಿ ಸೆಟ್ಟಿಂಗಿನಲ್ಲಿ ಸಿಇಸಿ (ಎಚ್‌ಡಿಎಂಐ ಹಿಡಿದು ಟಿವಿ, ಆಂಪ್ ಒಂದಕ್ಕೊಂದು ಮಾತಾಡಿಕೊಳ್ಳುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಇದನ್ನು ಸ್ಯಾಮ್‌ಸಂಗ್ ‘ಎನಿನೆಟ್ ಪ್ಲಸ್’ ಅನ್ನುತ್ತದೆ, ಎಲ್‌ಜಿ ‘ಸಿಂಪ್‌ಲಿಂಕ್’ ಅನ್ನುತ್ತದೆ, ಸೋನಿ ‘ಬ್ರಾವಿಯಾ ಸಿಂಕ್’ ಅನ್ನುತ್ತದೆ. ಒಂದೇ ಕೂಸಿಗೆ ಮೂರು ಹೆಸರು. ಇದು ಆಫ್ ಇದ್ದರೆ ಎಷ್ಟೋ ಟಿವಿಗಳಲ್ಲಿ ಎಆರ್‌ಸಿ ಏಳುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಸದ್ದು ನಿಂತಿದ್ದರೆ ಟಿವಿ, ಆಂಪ್ ಎರಡರ ಪಿನ್ನೂ ಕಿತ್ತು ಐದು ನಿಮಿಷ ಬಿಡಿ. ರಿಮೋಟಿನಲ್ಲಿ ಆರಿಸಿದರೆ ಸಾಲದು, ಪಿನ್ನೇ ಕೀಳಬೇಕು. ನಮ್ಮ ಕಡೆ ಕರೆಂಟ್ ಬಂದು ಹೋಗುವ ಆಟಕ್ಕೆ ಈ ಔಷಧಿ ತಿಂಗಳಿಗೊಮ್ಮೆ ಬೇಕಾಗುತ್ತದೆ.

ಆಪ್ಟಿಕಲ್ ಎರಡನೆಯ ದಾರಿ. ಬೆಳಕಿನಲ್ಲಿ ಸದ್ದು ಕಳಿಸುವ ಸಣ್ಣ ಕೇಬಲ್. ಸ್ಟೀರಿಯೊ, ಡಾಲ್ಬಿ ಡಿಜಿಟಲ್ ಅನ್ನುವ ಬಗೆಯ 5.1 ಸದ್ದು ಎರಡೂ ಹೋಗುತ್ತವೆ. ಇದರಲ್ಲಿ ಸದ್ದು ಬರದಿದ್ದರೆ ಮೊದಲು ಕೇಬಲ್ಲಿನ ತುದಿ ನೋಡಿ. ಹೊಸ ಕೇಬಲ್ಲಿಗೆ ಬಟಾಣಿಗಿಂತ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಕಾಣುವುದೇ ಇಲ್ಲ. ಟೋಪಿ ಸಮೇತ ತುರುಕಿ ಕೇಬಲ್ ಸರಿ ಇಲ್ಲ ಅಂತ ಅಂಗಡಿಗೆ ವಾಪಸ್ ಹೊತ್ತವರನ್ನು ಬಲ್ಲೆ. ಟೋಪಿ ಇಲ್ಲವೇ? ಹಾಗಾದರೆ ಒಂದು ತುದಿ ಟಿವಿಯಲ್ಲಿರಲಿ, ಇನ್ನೊಂದು ತುದಿಯನ್ನು ಅಂಗೈ ಕಡೆ ಹಿಡಿಯಿರಿ. ಕೆಂಪು ಚುಕ್ಕೆ ಬೆಳಗಿದರೆ ಟಿವಿ ಸದ್ದು ಕಳಿಸುತ್ತಿದೆ. ಆಪ್ಟಿಕಲ್‌ನಲ್ಲಿ ಟಿವಿ ರಿಮೋಟಿನಿಂದ ವಾಲ್ಯೂಮ್ ಏರಿಳಿಯದಿದ್ದರೆ ಅದು ದೋಷ ಅಲ್ಲ, ಸಾಮಾನ್ಯವಾಗಿ ಅದರ ಗುಣವೇ ಹಾಗೆ.

ಮೂರನೆಯದು ಕೆಂಪು ಬಿಳಿ ಆಕ್ಸ್ ವೈರ್. ಟಿವಿ ಹಿಂದೆ ಕೆಂಪು ಬಿಳಿ ಹಳದಿ ಕುಳಿ ಕಂಡ ಕೂಡಲೇ ತುರುಕಬೇಡಿ. ಹೆಚ್ಚಿನ ಟಿವಿಗಳಲ್ಲಿ ಅದು ಒಳಗೆ ಬರುವ ದಾರಿ, ಹೊರಗೆ ಹೋಗುವುದಲ್ಲ. ಹಳದಿಯಂತೂ ಚಿತ್ರಕ್ಕೆ, ಸದ್ದಿಗಲ್ಲ. ಸದ್ದು ಹೊರಬರುವುದು ಹೆಡ್‌ಫೋನ್ ಕುಳಿಯಿಂದ. ಹೀಗೆ ಕೊಟ್ಟಾಗ ಟಿವಿ ವಾಲ್ಯೂಮನ್ನು ಮುಕ್ಕಾಲು ಭಾಗ ಇಟ್ಟು, ಆಂಪಿನಲ್ಲಿ ಬೇಕಾದಷ್ಟು ಏರಿಸಿ. ಟಿವಿಯನ್ನು ಕಡಿಮೆ ಇಟ್ಟು ಆಂಪನ್ನು ಪೂರ್ತಿ ತಿರುಗಿಸಿದರೆ ಹಿಂದೆ ಸುಯ್ ಅಂತ ಸದ್ದು ಸೇರುತ್ತದೆ.

ಟಿವಿ ಸದ್ದು ಬ್ಲೂಟೂತ್‌ನಲ್ಲಿ ಬೇಡ. ತುಟಿ ಆಡಿದ ಮೇಲೆ ಮಾತು ಬರುತ್ತದೆ. ಸೆಟ್ಟಿಂಗಿನ ‘ಆಡಿಯೊ ಡಿಲೇ’ ಇದಕ್ಕೆ ಮದ್ದಲ್ಲ. ಅದು ಸದ್ದನ್ನು ಹಿಂದಕ್ಕೆ ಹಾಕಬಲ್ಲದೇ ಹೊರತು ತಡವಾಗಿದ್ದನ್ನು ಮುಂದಕ್ಕೆ ಎಳೆಯಲಾರದು. ಮಾತು ಮೊದಲು ಬಂದು ತುಟಿ ಆಮೇಲೆ ಆಡಿದರೆ ಮಾತ್ರ ಡಿಲೇ ಏರಿಸಿ.

ಪೆಟ್ಟಿಗೆ ಮೇಲೆ 5.1, ಒಳಗೆ ಎರಡೇ

ಸಂತೆಯಲ್ಲೂ ಸಿಗುವ ‘5.1 ಹೋಮ್ ಥಿಯೇಟರ್’ ಸೆಟ್ಟುಗಳಿವೆಯಲ್ಲ, ಬಣ್ಣ ಬಣ್ಣದ ಲೈಟು, ಎಫ್‌ಎಂ, ಪೆನ್ ಡ್ರೈವ್ ಎಲ್ಲ ಇರುವಂಥವು. ಅವುಗಳ ಹಿಂದೆ ಎಚ್‌ಡಿಎಂಐ, ಆಪ್ಟಿಕಲ್ ಎರಡೂ ಇಲ್ಲದೆ ಬರೀ ಒಂದು ಜೊತೆ ಆಕ್ಸ್ ಇದ್ದರೆ, ಟಿವಿಯಿಂದ ಒಳಗೆ ಹೋಗುವುದು ಎರಡೇ ದಾರಿಯ ಸದ್ದು. ಅದನ್ನೇ ಐದು ಸ್ಪೀಕರಿಗೆ ಹಂಚುತ್ತವೆ. ಹಿಂದಿನ ಸ್ಪೀಕರಿನಲ್ಲಿ ಮುಂದಿನದ್ದೇ ಸದ್ದು ಬರುತ್ತಿದೆ ಅಂತ ಗಂಟೆಗಟ್ಟಲೆ ದೋಷ ಹುಡುಕಬೇಡಿ. ಅಲ್ಲಿ ದೋಷ ಇಲ್ಲ, ಇರುವುದೇ ಅಷ್ಟು. ಹಾಡಿಗೆ ಬೇಕಾದಷ್ಟಾಯಿತು. ಮಾತು ಸ್ಪಷ್ಟ ಬೇಕಾದರೆ ಬೇಸ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ತನ್ನಿ.

5.1 ಸದ್ದನ್ನು ಬಿಡಿಸಿ ಹಂಚುವ ನಿಜವಾದ ಡಿಕೋಡರ್ ಇರುವ ಆಂಪಿನಲ್ಲೂ 5.1 ಬರುತ್ತಿಲ್ಲ ಅಂದರೆ ಆಂಪಿನ ಮುಖದ ಮೇಲೆ ಏನು ಬರೆದಿದೆ ಓದಿ. ‘ಡಾಲ್ಬಿ’ ಅಂತ ಬರಬೇಕಾದ ಸಿನಿಮಾದಲ್ಲಿ ‘ಪಿಸಿಎಂ’ ಅಂತ ಇದ್ದರೆ ಟಿವಿ ಎಲ್ಲವನ್ನೂ ಎರಡಕ್ಕೆ ಇಳಿಸಿ ಕಳಿಸುತ್ತಿದೆ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ‘ಡಿಜಿಟಲ್ ಔಟ್‌ಪುಟ್’ ಹುಡುಕಿ ಪಿಸಿಎಂ ತೆಗೆದು ‘ಆಟೊ’ ಅಥವಾ ‘ಪಾಸ್ ಥ್ರೂ’ ಹಾಕಿ. ಸೆಟ್ ಟಾಪ್ ಬಾಕ್ಸಿನಲ್ಲೂ ಇಂಥದ್ದೇ ಒಂದು ಆಯ್ಕೆ ಇರುತ್ತದೆ.

ಇದರ ಉಲ್ಟಾ ಕೂಡ ನೆನಪಿರಲಿ. ಆಪ್ಟಿಕಲ್ ಸದ್ದನ್ನು ಕೆಂಪು ಬಿಳಿಗೆ ಬದಲಿಸುವ ಬೆಂಕಿಪೆಟ್ಟಿಗೆ ಗಾತ್ರದ ಕನ್ವರ್ಟರ್ ಹಾಕಿದ್ದರೆ ಅಲ್ಲಿ ಪಿಸಿಎಂ ಇರಲೇಬೇಕು. ಅಗ್ಗದ ಕನ್ವರ್ಟರಿಗೆ ಡಾಲ್ಬಿ ಅರ್ಥ ಆಗಲ್ಲ. ಒಂದೋ ಸುಮ್ನೆ ಇರುತ್ತದೆ, ಇಲ್ಲವೇ ಹುರಿಗಡಲೆ ಸಿಡಿದ ಹಾಗೆ ಪಟಪಟ ಅನ್ನುತ್ತದೆ.

ಪೆನ್ ಡ್ರೈವಿನ ಸಿನಿಮಾಕ್ಕೆ ಚಿತ್ರ ಮಾತ್ರ ಬಂದು ಸದ್ದು ಬರದಿದ್ದರೆ ಆ ಫೈಲಿನಲ್ಲಿರುವುದು ಡಿಟಿಎಸ್, ಅಂದರೆ ಡಾಲ್ಬಿಯಂಥದ್ದೇ ಇನ್ನೊಂದು ಬಗೆಯ ಸದ್ದು, ಇರಬಹುದು. ಕೆಲವು ಟಿವಿಗಳಿಗೆ ಅದು ಬರುವುದೇ ಇಲ್ಲ. ಹೋಮ್ ಥಿಯೇಟರನ್ನು ಬೈಯಬೇಡಿ.

ಗುಂಯ್

ಇದು ನನ್ನದೇ ಮನೆಯ ಕತೆ. ಟಿವಿ ಆನ್ ಮಾಡಿದರೆ ಹಿನ್ನೆಲೆಯಲ್ಲಿ ಗುಂಯ್ ಅಂತ ಒಂದೇ ಸಮ. ಎರಡು ಆಕ್ಸ್ ವೈರ್ ಬದಲಿಸಿದೆ. ಆಂಪನ್ನು ರಿಪೇರಿಗೆ ಕೊಟ್ಟೆ. ಅಂಗಡಿಯಲ್ಲಿ ಸದ್ದೇ ಇಲ್ಲ, ಮನೆಗೆ ತಂದರೆ ಮತ್ತೆ ಗುಂಯ್. ಒಂದು ದಿನ ಧೂಳು ಹೊಡೆಯುವಾಗ ಸೆಟ್ ಟಾಪ್ ಬಾಕ್ಸಿನ ಹಿಂದಿನ ಡಿಶ್ ಕೇಬಲ್ ಕಳಚಿಕೊಂಡಿತು. ಮನೆ ತಣ್ಣಗಾಯಿತು.

ಆಗಿದ್ದು ಇಷ್ಟು. ಆಂಪಿಗೆ ಒಂದು ಅರ್ತ್ ಇದೆ. ಮೇಲೆ ಕೂರಿಸಿದ ಡಿಶ್ಶಿನ ಕಬ್ಬಿಣ ಇನ್ನೊಂದು ಕಡೆ ನೆಲ ಮುಟ್ಟಿದೆ. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದರೂ ಸಾಕು, ಆಕ್ಸ್ ವೈರಿನ ಹೊರಕವಚದಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು. ಆ 50, ಅದರ ದುಪ್ಪಟ್ಟು 100, ಇವೇ ಗುಂಯ್ ಅಂತ ಕೇಳುವುದು.

ಹುಡುಕುವ ಕ್ರಮ: ಆಂಪಿನ ಎಲ್ಲ ಒಳಬರುವ ವೈರ್ ಕಿತ್ತು ಆನ್ ಮಾಡಿ. ಆಗಲೂ ಗುಂಯ್ ಇದ್ದರೆ ಆಂಪಿನ ಒಳಗಿನದ್ದು, ರಿಪೇರಿಗೆ ಕೊಡಿ. ಇಲ್ಲದಿದ್ದರೆ ಒಂದೊಂದಾಗಿ ಹಾಕುತ್ತಾ ಹೋಗಿ. ಕೊನೆಗೆ ಡಿಶ್ ಅಥವಾ ಕೇಬಲ್ ಟಿವಿಯ ವೈರ್. ಅದನ್ನು ಹಾಕಿದ ಕೂಡಲೇ ಶುರುವಾದರೆ ಕಳ್ಳ ಸಿಕ್ಕಿದ. ಟಿವಿ, ಬಾಕ್ಸ್, ಆಂಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಅರ್ಧ ಕಮ್ಮಿಯಾಗುತ್ತದೆ. ನಾನು ಆಪ್ಟಿಕಲ್ ಹಾಕಿದೆ. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಪೂರ್ತಿ ನಿಂತಿತು.

ಕೆಲವರು ಮೂರು ಪಿನ್ನಿನ ದಪ್ಪ ಪಿನ್ ಮುರಿದು ಗುಂಯ್ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಆ ಪಿನ್ ಇರುವುದು ಸದ್ದಿಗಲ್ಲ, ನಿಮ್ಮ ಜೀವಕ್ಕೆ. ಆಂಪಿನ ಲೋಹ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಮನೆಯ ಅರ್ತೇ ಸರಿ ಇಲ್ಲ ಅಂತ ಲೆಕ್ಕ. ಆಗ ಬೇಕಾದವರು ಎಲೆಕ್ಟ್ರಿಷಿಯನ್.

ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಝುಯ್ ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಸೈನ್ ವೇವ್‌ನಲ್ಲಿ ಆ ಕಾಟ ಇರುವುದಿಲ್ಲ.

ಗುಡುಗುಡು ಜಾಸ್ತಿ, ಬೇಸ್ ಕಮ್ಮಿ

ಸಬ್ ವೂಫರನ್ನು ಮೂಲೆಗೆ ತಳ್ಳಿದರೆ ಬೇಸ್ ಉಬ್ಬುತ್ತದೆ. ರೆಡ್ ಆಕ್ಸೈಡ್ ನೆಲ, ಬರಿ ಗೋಡೆಯ ಹಳೆಯ ಹಾಲಿನಲ್ಲಿ ಇನ್ನೂ ಜಾಸ್ತಿ. ಮಾತೆಲ್ಲ ಅದರಲ್ಲಿ ಮುಳುಗುತ್ತದೆ. ಜಾಗ ಹುಡುಕಲು ಒಂದು ಮಜವಾದ ಉಪಾಯ ಇದೆ. ಸಬ್ ವೂಫರನ್ನು ನೀವು ಕೂರುವ ಸೋಫಾದ ಮೇಲೆ ಕೂರಿಸಿ, ಬೇಸ್ ಇರುವ ಹಾಡು ಹಾಕಿ. ನೀವು ಗೋಡೆಗುಂಟ ನೆಲದ ಮಟ್ಟಕ್ಕೆ ಬಗ್ಗಿ ನಡೆಯಿರಿ. ಎಲ್ಲಿ ಬೇಸ್ ಹದವಾಗಿ ಕೇಳುತ್ತದೋ ಅಲ್ಲಿ ಸಬ್ ವೂಫರ್ ಇಡಿ. ನೋಡಿದವರು ನಗುತ್ತಾರೆ, ನಗಲಿ. ಆಂಪಿನಲ್ಲಿ ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಸದ್ದು ಸಬ್ ವೂಫರಿಗೆ ಹೋಗಬೇಕು ಅನ್ನುವ ಗೆರೆ) 80 ಹರ್ಟ್ಸ್‌ನಿಂದ ಶುರು ಮಾಡಿ. ಮುಂದಿನ ಸ್ಪೀಕರ್‌ಗಳು ತೀರಾ ಚಿಕ್ಕದಿದ್ದರೆ 120ರವರೆಗೆ ಏರಿಸಿ. ಸಬ್ ವೂಫರಿನ ಹಿಂದೆ 0, 180 ಅಂತ ಸ್ವಿಚ್ ಇದ್ದರೆ ಎರಡನ್ನೂ ಒಂದೊಂದಾಗಿ ಹಾಕಿ ನೋಡಿ, ಬೇಸ್ ತುಂಬಿ ಬರುವುದನ್ನು ಇಟ್ಟುಕೊಳ್ಳಿ.

ಟರ್ ಟರ್ ಅಂದರೆ ಸ್ಪೀಕರ್ ಹರಿದಿದೆ ಅಂತ ಗಾಬರಿ ಬೇಡ. ಶೋಕೇಸಿನ ಸ್ಟೀಲ್ ತಟ್ಟೆಗಳ ಮೇಲೆ ಕೈಯಿಡಿ. ಅಕ್ಕನ ಮನೆಯಲ್ಲಿ ಟರ್ ಅಂದಿದ್ದು ಕಬಡ್ಡಿಯಲ್ಲಿ ಭಾವ ಗೆದ್ದ ಟ್ರೋಫಿ.

ಸಿಡಿಲಿನ ದಿನ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪಿನ್ ಕೀಳುವುದು ಎಲ್ಲರಿಗೂ ಗೊತ್ತು. ಡಿಶ್ ಕೇಬಲ್ ಬಿಡಿಸುವುದು ಮರೆಯುತ್ತಾರೆ. ಸಿಡಿಲಿನ ಪೆಟ್ಟು ಆ ದಾರಿಯಲ್ಲೂ ಬರುತ್ತದೆ. ಬಾಕ್ಸಿನಿಂದ ಎಚ್‌ಡಿಎಂಐ ಹಿಡಿದು ಟಿವಿಗೆ, ಅಲ್ಲಿಂದ ಆಂಪಿಗೆ. ಸಿಡಿಲಿನ ಮರುದಿನ ಚಿತ್ರ ಸರಿ ಇದ್ದು ಎಆರ್‌ಸಿ ಮಾತ್ರ ಸತ್ತಿದ್ದರೆ ಆ ಕುಳಿ ಹೋಗಿದೆ ಅನ್ನಿ. ಬೋರ್ಡ್ ಬದಲಿಸಲು ದುಡ್ಡು ಸುರಿಯುವ ಮೊದಲು ಆಪ್ಟಿಕಲ್ ಹಾಕಿ ನೋಡಿ. ಹಲವು ಸಲ ಅದು ಬದುಕಿರುತ್ತದೆ.

ಅಕ್ಕನ ಮನೆಯ ಹಿಂದಿನ ಎಡ ಸ್ಪೀಕರ್ ಇನ್ನೂ ಬಾಕಿ ಇದೆ. ಅದರ ವೈರ್ ಅಟ್ಟದ ಮೇಲೆ ಹೋಗಿದೆ, ಅಡಿಕೆ ಚೀಲಗಳ ಹಿಂದೆ ಎಲ್ಲೋ ಇಲಿ ಕಡಿದಿದೆ. ಆ ಚೀಲ ಸರಿಸುವ ಕೆಲಸ ಭಾವನಿಗೆ ಬಿಟ್ಟು ಬಂದೆ. ಅಲ್ಲಿಯವರೆಗೆ ರಿಸೀವರಿನ ಸ್ಪೀಕರ್ ಸೆಟಪ್‌ನಲ್ಲಿ ಹಿಂದಿನ ಎರಡನ್ನೂ ‘ನನ್’ (ಸ್ಪೀಕರ್ ಇಲ್ಲ) ಅಂತ ಹಾಕಿದ್ದೇನೆ. ಹಾಗೆ ಹಾಕಿದರೆ ಹಿಂದೆ ಹೋಗಬೇಕಾದ ಸದ್ದನ್ನು ಆಂಪೇ ಮುಂದಿನ ಸ್ಪೀಕರುಗಳಿಗೆ ಸೇರಿಸಿ ಕೊಡುತ್ತದೆ, ಏನೂ ಕಳೆದುಹೋಗುವುದಿಲ್ಲ. ಸೆಂಟರ್ ಸ್ಪೀಕರೇ ಸುಟ್ಟುಹೋಗಿ ಹೊಸದು ಬರುವವರೆಗೆ ಕಾಯುವವರೂ ಇದನ್ನೇ ಮಾಡಬಹುದು. ಸೆಂಟರ್ ‘ನನ್’ ಅಂತ ಹಾಕಿ. ಮಾತು ಎಡ ಬಲಕ್ಕೆ ಹಂಚಿಕೊಂಡು ಬರುತ್ತದೆ, ಸಂಜೆಯ ಧಾರಾವಾಹಿ ತಪ್ಪುವುದಿಲ್ಲ.